‘ಅರಳುಮರಳು’ ಅಂದು ಸುಮ್ಮನಾಗಬೇಡಿ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಮ್ಮ ಮಾವ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವರು. ನಲವತ್ತು ವರ್ಷದ ಹಿಂದೆ ಹಣ್ಣು ಕುಯ್ಯಲು ಬಂದ ಆಳುಗಳ ಹೆಸರು ಈಗಲೂ ಪಟಪಟ ಹೇಳುತ್ತಾರೆ. ಬೆಳಿಗ್ಗೆ ತಿಂದ ಕಡುಬು ಮಾತ್ರ ನೆನಪಿಲ್ಲ. ‘ಅರವತ್ತಕ್ಕೆ ಅರಳುಮರಳು’ ಅಂದುಕೊಂಡು ನಾವು ಎರಡು ವರ್ಷ ಸುಮ್ನೆ ಕಳೆದೆವು. ತಪ್ಪು ಮಾಡಿದೆವು.

ಮೊದಲ ಕೆಲಸ, ಡಾಕ್ಟರಿಗೆ ತೋರಿಸುವುದು. ಮರೆವೆಲ್ಲ ಆಲ್ಜೈಮರ್ ಎಂಬ ಮೆದುಳಿನ ಕಾಯಿಲೆ ಅಲ್ಲ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಏನೇನು ಮರೆಯುತ್ತಾರೆ, ಯಾವಾಗಿನಿಂದ, ಯಾವ ಮಾತ್ರೆ ನುಂಗುತ್ತಾರೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರನ್ನೇ ಕೇಳಿದರೆ ‘ನಂಗೇನಾಗಿದೆ?’ ಅಂತಾರೆ ಅಷ್ಟೆ.

ಆಲ್ಜೈಮರ್ ಆದರೆ ತಲೆಯೊಳಗೆ ಏನಾಗುತ್ತದೆ? ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ, ತೀರಿಕೊಂಡ ರೋಗಿಯೊಬ್ಬರ ಮೆದುಳಿನಲ್ಲಿ ಕಂಡದ್ದನ್ನು ವಿವರಿಸಿದರು. ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ. ಒಳಗೆ ಟೌ ಎಂಬ ಪ್ರೋಟೀನು ನೂಲಿನಂತೆ ಸಿಕ್ಕುಗಟ್ಟುತ್ತದೆ. ಕೋಶಗಳು ಸಾಯುತ್ತವೆ, ಮೆದುಳು ಕುಗ್ಗುತ್ತದೆ. ಹೊಸ ನೆನಪು ದಾಖಲಾಗಲು ಬೇಕಾದ, ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗಕ್ಕೆ ಬೇಗ ಪೆಟ್ಟು ಬೀಳುತ್ತದೆ. ತೋಟದ ಮಾತಿನಲ್ಲಿ ಹೇಳುವುದಾದರೆ, ತಲೆಯೊಳಗಿನ ರೈಟರ್ ಹಾಜರಿ ಬರೆಯುವುದನ್ನು ನಿಲ್ಲಿಸಿದ್ದಾರೆ, ಹಳೇ ಪುಸ್ತಕಗಳು ಬೀರುವಿನಲ್ಲಿ ಹಾಗೇ ಇವೆ. ಕಾಯಿಲೆ ಬಲಿತಂತೆ ಅವಕ್ಕೂ ಗೆದ್ದಲು ಹಿಡಿಯುತ್ತದೆ.

ಡೊನೆಪೆಜಿಲ್, ಮೆಮಾಂಟಿನ್‌ನಂಥ ಮಾತ್ರೆಗಳಿವೆ. ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಗುತ್ತದೆ, ವಾಸಿ ಆಗುವುದಿಲ್ಲ.

ಜಾಸ್ತಿ ಕೆಲಸ ಇರುವುದು ಮನೆಯಲ್ಲೇ. ಬಾವಿಗೆ ಮುಚ್ಚಳ ಹಾಕಿ. ತೋಟಕ್ಕೆ ಹೊಡೆಯುವ ಔಷಧಿಗೆ ಬೀಗ ಹಾಕಿ. ಗೇಟಿಗೆ ಗಂಟೆ ಕಟ್ಟಿ, ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಇಡಿ. ಸಿಲ್ವರ್ ಓಕ್ ಸಾಲಿನಲ್ಲಿ ಕತ್ತಲಾದ ಮೇಲೆ ಹುಡುಕುವ ಪಾಡು ಬೇಡ. ಸಂಜೆ ಹೊತ್ತು ಕಸಿವಿಸಿ ಹೆಚ್ಚು, ಹಾಗಾಗಿ ಬೇಗ ದೀಪ ಹಾಕಿ.

ವಾದ ಮಾತ್ರ ಬೇಡ. ‘ಬಟವಾಡೆ ಮಾಡ್ಬೇಕು, ಆಳುಗಳು ಕಾಯ್ತಿದ್ದಾರೆ’ ಎಂದು ಮಾವ ದಿನಾ ಸಂಜೆ ಚಪ್ಪಲಿ ಮೆಟ್ಟುತ್ತಿದ್ದರು. ‘ನೀವು ರಿಟೈರ್ ಆಗಿ ಎಷ್ಟು ವರ್ಷ ಆಯ್ತು ಮಾವ!’ ಅಂದರೆ ಸಿಟ್ಟು. ಈಗ ‘ಮೊದಲು ಲೆಕ್ಕ ಬರೆದುಬಿಡಿ ಮಾವ’ ಎಂದು ನೋಟ್‌ಬುಕ್ ಕೊಡುತ್ತೇನೆ. ಜಗಲಿಯಲ್ಲಿ ಕೂತು ಬರೆಯುತ್ತಾರೆ. ಅಷ್ಟರಲ್ಲಿ ಕಾಫಿ ಆಗಿರುತ್ತದೆ.

ನೋಡಿಕೊಳ್ಳುವ ಭಾರ ಸಾಮಾನ್ಯವಾಗಿ ಮನೆಯ ಒಬ್ಬ ಹೆಂಗಸಿನ ತಲೆಗೇ ಬೀಳುತ್ತದೆ, ಅಲ್ವಾ? ಮಕ್ಕಳೆಲ್ಲ ಸರದಿ ಹಾಕಿಕೊಳ್ಳಿ. ಮನಸ್ಸು ತೀರಾ ಸೋತಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.