ಮಸ್ಕತ್ತಿನ ರಿಯಾಲಿಗೆ ಬದಿಯಡ್ಕದಲ್ಲಿ ಎಷ್ಟು ರೂಪಾಯಿ?

ಗಲ್ಫ್‌ನಲ್ಲಿ ಒಬ್ಬರೂ ಇಲ್ಲದ ಮನೆಯನ್ನು ಕಾಸರಗೋಡಿನ ಕಡೆ ಹುಡುಕಬೇಕು. ಬದಿಯಡ್ಕದ ನನ್ನ ಅಕ್ಕನ ಮನೆಯಲ್ಲಿ ಭಾವ ಮಸ್ಕತ್ತಿನಲ್ಲಿ, ಅವರ ತಮ್ಮಂದಿರಲ್ಲಿ ಒಬ್ಬ ಕುವೈತಿನಲ್ಲಿ, ಇನ್ನೊಬ್ಬ ದುಬೈಯಲ್ಲಿ. ಅಡಿಕೆ ತೋಟದ ಖರ್ಚಿಗೆ ಮೂವರೂ ಹಣ ಕಳಿಸುತ್ತಾರೆ. ಲೆಕ್ಕ ಬರೆಯುವವಳು ಅಕ್ಕ. ಅವಳಿಗಾಗಿ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆಯಲು ಕುಳಿತಾಗ, ದರದಿಂದ ಗುಣಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಗುಣಾಕಾರ ಒಂದೇ ಸಾಲು. ಉಳಿದದ್ದೆಲ್ಲ ಚಿಲ್ಲರೆಯ ಕಾಟ.

ಮೊದಲು ಚಿಲ್ಲರೆಯ ಪಟ್ಟಿ ಮಾಡಿಕೊಳ್ಳಿ. ರೂಪಾಯಿಗೆ 100 ಪೈಸೆ, ಆದರೆ ಒಮಾನಿನ ರಿಯಾಲಿಗೆ 1000 ಬೈಸಾ. ಫಿಲ್ಸ್ ಎಂಬ ಹೆಸರಂತೂ ಮೋಸ ಮಾಡುತ್ತದೆ: ದುಬೈಯ ದಿರ್ಹಮಿಗೆ 100 ಫಿಲ್ಸ್, ಕುವೈತಿನ ದಿನಾರಿಗೆ 1000. ಎಲ್ಲಕ್ಕೂ ನೂರೇ ಎಂದು ಬರೆದಿಟ್ಟರೆ ಭಾವ ಕಳಿಸಿದ 1,25,500 ಬೈಸಾ, ಅಂದರೆ 125.500 ರಿಯಾಲು, ಪ್ರೋಗ್ರಾಮಿನಲ್ಲಿ 1255 ರಿಯಾಲಾಗಿ ಉಬ್ಬುತ್ತದೆ. ಅಕ್ಕ ಸಂತೋಷಪಟ್ಟಾಳು, ಬ್ಯಾಂಕಿನ ಪಾಸ್‌ಬುಕ್ ಒಪ್ಪುವುದಿಲ್ಲ. (1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಪ್ರತ್ಯೇಕ ರೂಪಾಯಿ ನೋಟು ಹೊರಡಿಸಿತ್ತು. ಅದು ಚಲಾವಣೆಯಲ್ಲಿದ್ದಷ್ಟು ಕಾಲ ಈ ತಲೆನೋವೂ ಇರಲಿಲ್ಲ.)

ಎರಡನೆಯದಾಗಿ, ಹಣವನ್ನು ಫ್ಲೋಟ್ ಆಗಿ, ಅಂದರೆ ಪೈಥಾನ್ ಬಿಂದುವಿರುವ ಸಂಖ್ಯೆಗಳನ್ನು ತಾನಾಗಿ ಇಡುವ ರೂಪದಲ್ಲಿ, ಇಡಲೇಬೇಡಿ. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ: ಉತ್ತರ 0.30000000000000004. ಮೂರನೇ ಒಂದನ್ನು ನಾವು ದಶಮಾಂಶದಲ್ಲಿ ಪೂರ್ತಿ ಬರೆಯಲಾರದಂತೆ, ಕಂಪ್ಯೂಟರ್ ಸೊನ್ನೆ-ಒಂದುಗಳಷ್ಟೇ ಇರುವ ತನ್ನ ದ್ವಿಮಾನದಲ್ಲಿ 0.1 ಅನ್ನು ಪೂರ್ತಿ ಬರೆಯಲಾರದು. ಪೈಥಾನಿನ ಜೊತೆಗೇ ಬರುವ, ದಶಮಾಂಶದಲ್ಲೇ ಲೆಕ್ಕ ಮಾಡುವ ಡೆಸಿಮಲ್ ಮಾಡ್ಯೂಲ್ ಬಳಸಿ. ಅದಕ್ಕೂ ದರವನ್ನು ಉದ್ಧರಣ ಚಿಹ್ನೆಯೊಳಗೆ, ಪಠ್ಯವಾಗಿಯೇ ಕೊಡಿ. ಬರಿ ಸಂಖ್ಯೆಯಾಗಿ ಕೊಟ್ಟರೆ ಫ್ಲೋಟಿನ ಕೊಳೆ ಅದರೊಂದಿಗೇ ಒಳಗೆ ಬರುತ್ತದೆ.

ಈಗ ಗುಣಿಸಿ. ರಿಯಾಲಿಗೆ 220.35 ರೂಪಾಯಿ ಎಂದಿಟ್ಟುಕೊಳ್ಳೋಣ. 125.500 ರಿಯಾಲಿಗೆ 27,653.925 ರೂಪಾಯಿ ಬರುತ್ತದೆ. ಕೊನೆಯ ಅರ್ಧ ಪೈಸೆಯನ್ನು ಏನು ಮಾಡುವುದು? ಶಾಲೆಯಲ್ಲಿ ಕಲಿತಂತೆ ಮೇಲಕ್ಕೆ ದೂಡಿದರೆ .93. ಡೆಸಿಮಲ್ ತಾನಾಗಿ ಅನುಸರಿಸುವ ಪದ್ಧತಿಯಲ್ಲಿ, ಸರಿ ಅರ್ಧ ಬಂದಾಗ ಸಮಸಂಖ್ಯೆಯ ಕಡೆಗೆ ವಾಲುವುದರಿಂದ, .92. ಎರಡೂ ತಪ್ಪಲ್ಲ, ಆದರೆ ಯಾವುದೆಂದು ನೀವು ಪ್ರೋಗ್ರಾಮಿನಲ್ಲಿ ಬಾಯಿಬಿಟ್ಟು ಹೇಳಬೇಕು. ಮೂವರ ಹಣ ಕೂಡಿಸುವಾಗ ನಡುನಡುವೆ ಸುತ್ತುಸಂಖ್ಯೆ ಮಾಡುವುದೋ, ಕೊನೆಗೊಮ್ಮೆಯೋ? ಪಾಸ್‌ಬುಕ್ಕಿನಲ್ಲಿ ಒಂದೊಂದು ಜಮೆಯೂ ಪೈಸೆಗೆ ಸುತ್ತಿಯೇ ಬರುವುದರಿಂದ, ನಾನು ಪ್ರತಿ ಜಮೆಗೂ ಒಮ್ಮೆ, ಅದರ ಲೆಕ್ಕದ ಕೊನೆಯಲ್ಲಿ ಮಾತ್ರ ಸುತ್ತುತ್ತೇನೆ.

ರೂಪಾಯಿಯಿಂದ ರಿಯಾಲಿಗೆ ಮರಳಲು ಒಂದನ್ನು 220.35ರಿಂದ ಭಾಗಿಸುವ ಆಸೆ ಬೇಡ. ಕೊಳ್ಳುವ ದರ ಬೇರೆ, ಮಾರುವ ದರ ಬೇರೆ. ಎರಡನ್ನೂ ಪ್ರತ್ಯೇಕ ಇಡಿ.

ಪ್ರತಿ ಜಮೆಯ ಜೊತೆ ಆ ಹೊತ್ತಿನ ದರ, ದಿನಾಂಕ, ಸಮಯವನ್ನೂ ಉಳಿಸಿ. ನಾನು ಮೊದಲು ಉಳಿಸಿರಲಿಲ್ಲ. ಅಕ್ಕ ಹಳೆಯ ತಿಂಗಳ ಪುಟ ತೆರೆದಾಗಲೆಲ್ಲ ಅಂದಿನ ಜಮೆಗೆ ಇಂದಿನ ದರ ಹತ್ತಿ ಮೊತ್ತ ಬದಲಾಗುತ್ತಿತ್ತು. “ಕೊಟ್ಟು ಮುಗಿದ ಕೂಲಿಯ ದುಡ್ಡು ಈಗ ಹೇಗೆ ಹೆಚ್ಚಾಯಿತು?” ಎಂದು ಅವಳು ಕೇಳಿದ ಮೇಲೆಯೇ ಆ ಸಾಲು ಸೇರಿಸಿದ್ದು.