ಕೋಳಿ ಮೊಟ್ಟೆ ನಿಲ್ಲಿಸಿದರೆ ಮೊದಲು ಅದನ್ನು ಎತ್ತಿಕೊಂಡು ನೋಡಿ

ಹಿತ್ತಲ ಕೋಳಿ ನಾಲ್ಕು ದಿನ ಮೊಟ್ಟೆ ಇಡದಿದ್ದರೆ ಸಾಕು, ವಯಸ್ಸಾಯಿತು ಎಂದು ಮನೆಯಲ್ಲಿ ತೀರ್ಮಾನ ಆಗಿಬಿಡುತ್ತದೆ. ಅವಸರ ಬೇಡ. ವಯಸ್ಸಾದ ಕೋಳಿ ಹೀಗೆ ಥಟ್ಟನೆ ನಿಲ್ಲಿಸುವುದು ಕಡಿಮೆ. ಮೊದಲ ಎರಡು ವರ್ಷ ಚೆನ್ನಾಗಿ ಇಟ್ಟು, ಆಮೇಲೆ ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡುತ್ತಾ ಹೋಗುತ್ತದೆ.

ಸಂಜೆ ಗೂಡು ಸೇರಿದ ಮೇಲೆ ಮೆಲ್ಲಗೆ ಎತ್ತಿಕೊಳ್ಳಿ. ಕತ್ತಲಲ್ಲಿ ಅದು ಜಾಸ್ತಿ ಗಲಾಟೆ ಮಾಡುವುದಿಲ್ಲ. ಜುಟ್ಟು ಕೆಂಪಗೆ ತುಂಬಿಕೊಂಡಿದೆಯಾ ನೋಡಿ. ಮೊಟ್ಟೆ ಬರುವ ದಾರಿಯ ಎರಡೂ ಪಕ್ಕದಲ್ಲಿ ತೆಳ್ಳನೆಯ ಮೂಳೆಯ ತುದಿ ಕೈಗೆ ಸಿಗುತ್ತದೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಕೋಳಿ ಮೊಟ್ಟೆ ಇಡುತ್ತಲೇ ಇದೆ. ಒಂದು ಬೆರಳಿಗೂ ಜಾಗವಿಲ್ಲ, ಜುಟ್ಟೂ ಬಿಳಿಚಿ ಸಣ್ಣಗಾಗಿದೆ ಎಂದರೆ ನಿಜಕ್ಕೂ ನಿಲ್ಲಿಸಿದೆ.

ಇಡುತ್ತಿದೆ, ಆದರೆ ಮೊಟ್ಟೆ ಕಾಣುತ್ತಿಲ್ಲ ಎಂದರೆ ಹುಡುಕಬೇಕು. ನಾನು ಒಮ್ಮೆ ಎರಡು ವಾರ ಮೇವು ಬದಲಿಸಿ ಒದ್ದಾಡಿದ್ದೆ. ಕೊನೆಗೆ ಸೌದೆ ರಾಶಿಯ ಹಿಂದೆ 11 ಮೊಟ್ಟೆ ಸಿಕ್ಕವು! ಅಂಥ ಕೋಳಿಯನ್ನು ಒಂದು ವಾರ ಮಧ್ಯಾಹ್ನದವರೆಗೆ ಗೂಡಲ್ಲೇ ಬಿಡಿ, ಮೊಟ್ಟೆಯಾಕಾರದ ಏನನ್ನಾದರೂ ಗೂಡಲ್ಲಿ ಇಡಿ. ಅಲ್ಲೇ ಇಡುವ ರೂಢಿ ಮತ್ತೆ ಬರುತ್ತದೆ. ಒಡೆದ ಸಿಪ್ಪೆ, ಅಂಟು ಕಂಡರೆ ಕೋಳಿಗಳೇ ತಿನ್ನುತ್ತಿವೆ. ದಿನಕ್ಕೆ ಎರಡು ಮೂರು ಸಲ ಮೊಟ್ಟೆ ತೆಗೆಯಿರಿ.

ನಿಜಕ್ಕೂ ನಿಲ್ಲಿಸಿದ್ದರೆ ಪುಕ್ಕ ನೋಡಿ. ತಲೆ, ಕುತ್ತಿಗೆಯಿಂದ ಶುರುವಾಗಿ ಗರಿ ಉದುರುತ್ತಿದ್ದರೆ ಅದು ರೋಗವಲ್ಲ. ವರ್ಷಕ್ಕೊಮ್ಮೆ ಹಳೆ ಗರಿ ಬಿಟ್ಟು ಹೊಸದು ಬರಿಸಿಕೊಳ್ಳುತ್ತದೆ. ಗರಿ ಎಂದರೆ ಬಹುಪಾಲು ಪ್ರೋಟೀನ್. ತಿಂದದ್ದೆಲ್ಲ ಅದಕ್ಕೇ ಹೋಗುವಾಗ ಮೊಟ್ಟೆಗೆ ಏನು ಉಳಿಯುತ್ತದೆ ಹೇಳಿ? ಎರಡು ಮೂರು ತಿಂಗಳು ಸುಮ್ನೆ ಬಿಡಿ, ಪ್ರೋಟೀನ್ ಇರುವ ಮೇವು ಕೊಡಿ. ಹೊಸ ಗರಿ ಮೊಳೆಯುವಾಗ ಮುಟ್ಟಿದರೆ ಅದಕ್ಕೆ ನೋವಾಗುತ್ತದೆ, ಪದೇ ಪದೇ ಎತ್ತಬೇಡಿ.

ಗೂಡು ಬಿಟ್ಟು ಏಳುವುದೇ ಇಲ್ಲ, ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಕುಕ್ಕುತ್ತದೆ ಎಂದರೆ ಕಾವಿಗೆ ಕೂತಿದೆ. ಮರಿ ಬೇಕಿದ್ದರೆ ಹುಂಜವಿರುವ ಕಡೆಯ ಮೊಟ್ಟೆ ಇಟ್ಟು 21 ದಿನ ಕಾಯಿರಿ. ಬೇಡವಾದರೆ ತಳದಲ್ಲಿ ಗಾಳಿಯಾಡುವ ಜಾಲರಿ ಪಂಜರದಲ್ಲಿ, ಹುಲ್ಲು ಹಾಸದೆ, ನೀರು ಮೇವು ಕೊಟ್ಟು ಮೂರು ನಾಲ್ಕು ದಿನ ಇಡಿ. ಹೊಟ್ಟೆ ತಣ್ಣಗಾದರೆ ಕಾವೂ ಇಳಿಯುತ್ತದೆ.

ಹಗಲು ಚಿಕ್ಕದಾಗುವ ಕಾಲದಲ್ಲೂ ಮೊಟ್ಟೆ ಕಡಿಮೆಯೇ. ಚೆನ್ನಾಗಿ ಇಡಲು ದಿನಕ್ಕೆ 14 ಗಂಟೆಯಷ್ಟು ಬೆಳಕು ಬೇಕು. ಇನ್ನು ನೀರು. ಮೊಟ್ಟೆಯ ಮುಕ್ಕಾಲು ಭಾಗ ನೀರೇ ಅಲ್ವಾ? ಬಿಸಿಲಲ್ಲಿ ಪಾತ್ರೆ ಒಂದು ದಿನ ಬರಿದಾದರೂ ಮೊಟ್ಟೆಗೆ ಪೆಟ್ಟು. ಬರೀ ಕಾಳು ಹಾಕಿದರೆ ಕೊಬ್ಬು ಬೆಳೆಯುತ್ತದೆ, ಮೊಟ್ಟೆ ಬರುವುದಿಲ್ಲ. ಮೊಟ್ಟೆ ಕೋಳಿಗೆಂದೇ ಮಾಡಿದ ಮೇವು (ಲೇಯರ್ ಫೀಡ್) ಮುಖ್ಯವಾಗಿರಲಿ, ಕಾಳು ಒಂದು ಹಿಡಿ ಸಾಕು. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ತಿನ್ನುತ್ತದೆ.

ರಾತ್ರಿ ಟಾರ್ಚ್ ಹಿಡಿದು ಗೂಡಿನ ಕಂಬಿಗಳ ಸಂದಿ ನೋಡಿ. ರಕ್ತ ಹೀರುವ ಕೆಂಪು ಹುಳು ಹಗಲಲ್ಲಿ ಅಲ್ಲಿ ಅಡಗಿದ್ದು ರಾತ್ರಿ ಕೋಳಿಗೆ ಹತ್ತುತ್ತದೆ. ಔಷಧಿ ಕೋಳಿಗಷ್ಟೇ ಸಾಲದು, ಗೂಡಿಗೂ ಬೇಕು.

ಕೋಳಿ ಬಾಲ ಇಳಿಬಿಟ್ಟು, ನೆಟ್ಟಗೆ ನಿಂತು ತಿಣುಕುತ್ತಿದ್ದರೆ ಮಾತ್ರ ಕಾಯಬೇಡಿ. ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಅಂದೇ ಪಶುವೈದ್ಯರಿಗೆ ತೋರಿಸಿ.