ಸ್ಟಾಪ್ ಬಟನ್ ಅಣ್ಣನ ಕೈಯಲ್ಲಿ

ಡಿಪ್ಲೊಮಾ ಫಿಲ್ಮ್‌ಗೆ ವಿಷಯ ಹುಡುಕಿಕೊಂಡು ನಾನು ಎಲ್ಲೂ ಅಲೆಯಬೇಕಾಗಿರಲಿಲ್ಲ. ನನಗೆ ಒಂಬತ್ತು ವರ್ಷ ಇದ್ದಾಗ ನಮ್ಮ ಕಾರು ಅಪಘಾತಕ್ಕೆ ಸಿಕ್ಕಿತು. ಅಪ್ಪ ಹೋದರು. ಹಿಂದಿನ ಸೀಟಿನಲ್ಲಿದ್ದ ಅಣ್ಣ ಮತ್ತು ನಾನು ಉಳಿದೆವು. ಮನೆಯಲ್ಲಿ ಆ ದಿನದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಹದಿನಾಲ್ಕು ವರ್ಷ ಆದಮೇಲೆ ಕ್ಯಾಮೆರಾ ಹಿಡಿದು ನಾನೇ ಎತ್ತಿದೆ. ಮೊದಲ ಸಲ ಎತ್ತಿದ್ದು ಮಾತ್ರ ತೀರಾ ಕೆಟ್ಟದಾಗಿ.

ಎರಡು ಲೈಟ್, ಟ್ರೈಪಾಡ್, ಕಾಲರ್ ಮೈಕ್. ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಫೋಕಸ್ ಸರಿ ಮಾಡಿ, ಮೊದಲ ಪ್ರಶ್ನೆಗೇ "ಆವತ್ತು ಏನಾಯ್ತು?" ಅಂತ ಕೇಳಿಬಿಟ್ಟೆ. ಅವನು ಚೆನ್ನಾಗಿಯೇ ಶುರು ಮಾಡಿದ. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ದನಿ ಸಣ್ಣದಾಯಿತು. ಆಗ ನಾನು ಏನು ಮಾಡಿದೆ ಗೊತ್ತಾ? ಅವನ ಮುಖ ನೋಡಲಿಲ್ಲ, ರೆಕಾರ್ಡರ್‌ನಲ್ಲಿ ದನಿಯ ಮಟ್ಟ ತೋರಿಸುವ ಮೀಟರ್ ನೋಡಿದೆ. ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಆಡುತ್ತಿದ್ದದ್ದು ಮೈನಸ್ 30ಕ್ಕೆ ಇಳಿದಿತ್ತು. ಸಣ್ಣ ದನಿಯೂ ಜೋರಾಗಿ ಸಿಗಲಿ ಅಂತ ಗೇನ್ ಏರಿಸಿದೆ. ಹೆಡ್‌ಫೋನ್‌ನಲ್ಲಿ ಅವನ ಉಸಿರು ಚಿಕ್ಕಚಿಕ್ಕದಾಗಿ, ಮೇಲಿಂದ ಮೇಲೆ ಕೇಳಿಸುತ್ತಿತ್ತು. ಸೌಂಡ್ ಚೆನ್ನಾಗಿ ಸಿಗ್ತಿದೆ ಅಂದುಕೊಂಡೆ. ಅವನು ಏನೂ ಹೇಳದೆ ಕಾಲರ್‌ನಿಂದ ಮೈಕ್ ಬಿಚ್ಚಿ ಟೇಬಲ್ ಮೇಲಿಟ್ಟ. ಬಟ್ಟೆಗೆ ಉಜ್ಜಿದ ಸದ್ದು, ಆಮೇಲೆ ಮರಕ್ಕೆ ತಾಗಿದ ಟಕ್. ಅದೂ ರೆಕಾರ್ಡ್ ಆಗಿದೆ.

ಮೂರು ರಾತ್ರಿ ಅವನು ಸರಿಯಾಗಿ ಮಲಗಲಿಲ್ಲ ಅಂತ ಆಮೇಲೆ ಅಮ್ಮ ಹೇಳಿದರು.

ನಮ್ಮ ಕೋರ್ಸ್‌ನಲ್ಲಿ ಲೈಟಿಂಗ್‌ಗೆ ಒಂದು ಇಡೀ ಸೆಮಿಸ್ಟರ್ ಇತ್ತು. ನೊಂದವರ ಮುಂದೆ ಕ್ಯಾಮೆರಾ ಇಡೋದು ಹೇಗೆ ಅನ್ನೋದಕ್ಕೆ ಒಂದು ಗಂಟೆಯೂ ಇರಲಿಲ್ಲ. ಪರಿಚಯದ ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಇಂಥ ನೆನಪು ಬಂದಾಗ ಮೈಗೆ ಅದು ಹಳೆಯದು ಅನ್ನೋದು ತಿಳಿಯೋದಿಲ್ಲ, ಈಗಲೇ ಆಗುತ್ತಿದೆ ಅನ್ನೋ ಹಾಗೆ ಎದೆ ಹೊಡೆದುಕೊಳ್ಳುತ್ತೆ ಅಂದರು. ಈ ಸಂಕಟಕ್ಕೆ ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್ ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸೇರಿದ್ದೇ 1980ರಲ್ಲಂತೆ. ಅಪಘಾತದ ಹೊತ್ತಿನಲ್ಲಿ ಅಣ್ಣನ ಕೈಯಲ್ಲಿ ಏನೂ ಇರಲಿಲ್ಲ. ನಾನು ಮತ್ತೆ ಅವನನ್ನು ಹಾಗೇ ಕೂರಿಸಿದ್ದೆ. ಲೈಟು ನನ್ನದು, ಪ್ರಶ್ನೆ ನನ್ನದು, ನಿಲ್ಲಿಸೋದೂ ನನ್ನದೇ.

ಎರಡು ತಿಂಗಳು ಆ ವಿಷಯ ಎತ್ತಲಿಲ್ಲ. ಒಂದು ದಿನ ಅವನೇ, "ಕ್ಯಾಮೆರಾ ಇಲ್ದೆ ಆದ್ರೆ ಮಾತಾಡ್ತೀನಿ ಕಣೇ" ಅಂದ.

ಹಾಗಾಗಿ ಬರೀ ಆಡಿಯೋ. ರೆಕಾರ್ಡರ್ ಅವನ ಕೈಗೇ ಕೊಟ್ಟೆ. ಸ್ಟಾಪ್ ಬಟನ್ ತೋರಿಸಿ, ಯಾವಾಗ ಬೇಕಾದರೂ ಒತ್ತು, ಕಾರಣ ಹೇಳಬೇಡ ಅಂದೆ. ಎದುರಾಬದುರು ಕೂರಲಿಲ್ಲ. ಇಬ್ಬರೂ ಕಿಟಕಿ ಕಡೆ ಮುಖ ಮಾಡಿ ಪಕ್ಕಪಕ್ಕ ಕೂತೆವು. ಮೈಕ್‌ಗೆ ಕೈ ಉಜ್ಜಿದ ಸದ್ದು ಬರುತ್ತೆ ಅಂತ ಗೊತ್ತಿತ್ತು. ಬರಲಿ. ಮೊದಲು ಕಾರಿನ ಬಣ್ಣ, ಸೀಟಿಗಾಗಿ ನಮ್ಮ ಜಗಳ, ಇಂಥವು. ಅಪಘಾತದ ಮಾತು ನಡುವೆ ಬಂತು. ಅಲ್ಲಿಗೇ ಬಿಟ್ಟು ಎದ್ದುಬರಲಿಲ್ಲ. ಕೊನೆಯ ಕಾಲು ಗಂಟೆ ಬರೀ ಅವನ ಕೆಲಸ, ನಾಳೆಯ ಓಡಾಟದ ಮಾತು. ಇದು ಆಪ್ತಸಮಾಲೋಚಕಿ ಹೇಳಿಕೊಟ್ಟದ್ದು: ಕರೆದುಕೊಂಡು ಹೋದವರೇ ವಾಪಸ್ ಕರೆತರಬೇಕು. ಅವನು ನಾಲ್ಕು ಸಲ ಸ್ಟಾಪ್ ಒತ್ತಿದ. ನಾಲ್ಕು ಸಲವೂ ತಾನೇ ಮತ್ತೆ ಶುರು ಮಾಡಿದ.

ಸೌಂಡ್ ಸಿಕ್ಕಿತು. ಚಿತ್ರಕ್ಕೆ ಏನು ಮಾಡೋದು?

ಅಪಘಾತವನ್ನು ನಟರಿಂದ ಮಾಡಿಸಿ, ಸ್ಲೋ ಮೋಷನ್‌ನಲ್ಲಿ, ಕಪ್ಪುಬಿಳುಪಿನಲ್ಲಿ ತೆಗೆದಿದ್ದೆ. ನೋಡಿದರೆ ಇನ್ಶೂರೆನ್ಸ್ ಜಾಹೀರಾತಿನ ಥರ ಇತ್ತು. ಬಿಸಾಡಿದೆ. ಆಮೇಲೆ ಅನಿಮೇಷನ್. ಇಸ್ರೇಲಿನ ನಿರ್ದೇಶಕ ಆರಿ ಫೋಲ್ಮನ್ 1982ರ ಲೆಬನಾನ್ ಯುದ್ಧದ ತನ್ನ ಮರೆತುಹೋದ ನೆನಪನ್ನು 2008ರ 'ವಾಲ್ಟ್ಸ್ ವಿತ್ ಬಶೀರ್'ನಲ್ಲಿ ಅನಿಮೇಷನ್‌ನಲ್ಲೇ ಹುಡುಕಿದ್ದರಲ್ವಾ, ಆ ಧೈರ್ಯದ ಮೇಲೆ ಕೂತೆ. ಸೆಕೆಂಡಿಗೆ ಬರೀ 12 ಚಿತ್ರ ಅಂದರೂ ಒಂದು ನಿಮಿಷಕ್ಕೆ 720 ಬೇಕು. 90 ಬಿಡಿಸುವಷ್ಟರಲ್ಲಿ ಕೈ ಸೋತಿತು, ಚಿತ್ರವೂ ನೆಟ್ಟಗಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಬೀರುವಿನಲ್ಲಿ. ಅಣ್ಣನ ತೊಡೆಯ ಎಕ್ಸ್‌ರೇ. ಹಳೇ ಲಕೋಟೆಗೆ ಅಂಟಿಕೊಂಡಿತ್ತು, ನಿಧಾನವಾಗಿ ಬಿಡಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಮೂಳೆ ಬೂದು, ಪ್ಲೇಟ್ ಅಚ್ಚ ಬಿಳಿ, ಅದಕ್ಕೆ ಸಾಲಾಗಿ ಸ್ಕ್ರೂಗಳು. ಒಂದು ಕೈಯಲ್ಲಿ ಎಕ್ಸ್‌ರೇ, ಒಂದು ಕೈಯಲ್ಲಿ ಕ್ಯಾಮೆರಾ. ಮ್ಯಾಕ್ರೋ ಲೆನ್ಸ್‌ನಲ್ಲಿ ಒಂದೊಂದೇ ಸ್ಕ್ರೂ ಮೇಲೆ ನಿಂತು ಮುಂದೆ ಸಾಗಿದೆ. ಹಿಂದೆ ಹೊರಗಿನ ಮರದ ಎಲೆ ಅಲ್ಲಾಡೋದೂ ಮಸುಕಾಗಿ ಕಾಣುತ್ತೆ. ಅದರ ಮೇಲೆ ನನ್ನ ದನಿ ಇಟ್ಟೆ: "ಅಣ್ಣನ ಕಾಲಲ್ಲಿ ಆರು ಸ್ಕ್ರೂ ಇದ್ದವು."

ಎಡಿಟಿಂಗ್‌ಗೆ ಕೂತಾಗ ಇನ್ನೊಂದು ತೊಡಕು. ನನ್ನ ನೆನಪಿನಲ್ಲಿ ಆವತ್ತು ಮಳೆ, ವೈಪರ್ ಓಡುತ್ತಿದೆ. ಅಣ್ಣ ಹೇಳೋದು ಬಿಸಿಲು, ಧೂಳು. ಯಾರದ್ದು ನಿಜ ಅಂತ ತೀರ್ಮಾನ ಮಾಡೋಕೆ ವಾರಗಟ್ಟಲೆ ಒದ್ದಾಡಿದೆ. ಆಮೇಲೆ ಬಿಟ್ಟೆ. ನನ್ನ ಮಾತಿನ ಕೆಳಗೆ ವೈಪರ್ ಸದ್ದು ಇಟ್ಟೆ, ಅವನ ಮಾತಿನ ಕೆಳಗೆ ಏನೂ ಇಲ್ಲ. ನೋಡುವವರಿಗೆ ಅಷ್ಟರಲ್ಲೇ ಗೊತ್ತಾಗುತ್ತೆ.

ಇನ್ನೊಂದು ವಿಷಯ, ಯಾರೂ ಮೊದಲೇ ಹೇಳಿರಲಿಲ್ಲ. ಟೈಮ್‌ಲೈನ್‌ನಲ್ಲಿ ಒಂದೇ ವಾಕ್ಯವನ್ನು ನೂರು ಸಲ ಕೇಳಬೇಕಾಗುತ್ತೆ. ಅದು ನಮ್ಮಪ್ಪ ಕೊನೆಗೆ ಅಂದ ಮಾತು. ನಾಲ್ಕನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗಲೂ ಕಿವಿಯಲ್ಲಿ ಅದೇ. ಆಮೇಲೆ ಮಾತುಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು, ಪೆನ್ಸಿಲ್‌ನಲ್ಲೇ ಮೊದಲ ಕಟ್ ಮಾಡಿದೆ. ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಹೆಡ್‌ಫೋನ್ ಹಾಕಲಿಲ್ಲ. ಆ ಒಂದು ಭಾಗವನ್ನು ಕ್ಲಾಸಿನ ಗೆಳತಿ ಕಟ್ ಮಾಡಿಕೊಟ್ಟಳು.

ಒಪ್ಪಿಗೆ ಪತ್ರಕ್ಕೆ ಅಣ್ಣ ಶುರುವಿನಲ್ಲೇ ಸಹಿ ಹಾಕಿದ್ದ. ಏನು ಹೇಳ್ತೀನಿ ಅಂತ ಅವನಿಗೇ ಗೊತ್ತಿಲ್ಲದಾಗ ಹಾಕಿದ ಸಹಿಗೆ ನನ್ನ ಪ್ರಕಾರ ಬೆಲೆ ಕಡಿಮೆ. ಹಾಗಾಗಿ ರಫ್ ಕಟ್, ಅಂದರೆ ಫಿಲ್ಮ್‌ನ ಮೊದಲ ಕರಡು ಜೋಡಣೆ, ಆದಮೇಲೆ ಮತ್ತೆ ಕೇಳಿದೆ. ಲ್ಯಾಪ್‌ಟಾಪ್ ಅವನ ಮುಂದೆ ಇಟ್ಟು, ನಡುವೆ ನಿಲ್ಲಿಸೋದೂ ಅವನಿಗೇ ಬಿಟ್ಟು, ನಾನು ಪಕ್ಕದ ರೂಮಿಗೆ ಹೋದೆ. ಹದಿನಾಲ್ಕು ನಿಮಿಷದ ಫಿಲ್ಮ್ ನೋಡೋಕೆ ಒಂದು ಗಂಟೆ ತಗೊಂಡ.

ಎರಡು ಮಾತು ಹೇಳಿದ. ಒಂದು ವಾಕ್ಯ ತೆಗಿ ಅಂದ. ಇಡೀ ಫಿಲ್ಮ್‌ನಲ್ಲಿ ನನಗೆ ತುಂಬಾ ಇಷ್ಟವಾಗಿದ್ದ ವಾಕ್ಯ ಅದು. ನಮ್ಮ ಗೈಡ್ ಕೂಡ ಅದನ್ನೇ ಹೊಗಳಿದ್ದರು. ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ. ತೆಗೆದೆ. ಆ ಜಾಗದಲ್ಲಿ ಬೇರೆ ಮಾತು ತುಂಬಲಿಲ್ಲ. ಅದೇ ರೂಮಿನಲ್ಲಿ ಸುಮ್ನೆ ಕೂತು ರೆಕಾರ್ಡ್ ಮಾಡಿದ್ದ ಒಂದು ನಿಮಿಷದ ರೂಮ್ ಟೋನ್‌ನಿಂದ (ಯಾರೂ ಮಾತಾಡದಾಗ ರೂಮಿನಲ್ಲಿರೋ ಸದ್ದು) ಹನ್ನೊಂದು ಸೆಕೆಂಡ್ ಇಟ್ಟೆ, ಅದರ ಕೊನೆಗೆ ಮೊದಲ ದಿನದ್ದು, ಮೈಕ್ ಟೇಬಲ್‌ಗೆ ತಾಗಿದ ಟಕ್. ಅವನನ್ನು ಕೇಳಿಯೇ ಇಟ್ಟೆ.

ಎರಡನೆಯದು ಎಕ್ಸ್‌ರೇ ಬಗ್ಗೆ. ಆ ಶಾಟ್‌ನಲ್ಲಿ ಫಿಲ್ಮ್ ನಿಲ್ಲಿಸಿ ಸ್ಕ್ರೀನ್ ಮೇಲೆ ಬೆರಳಿಟ್ಟ.

"ಆರಲ್ಲ, ಏಳು. ಒಂದು ನಿನ್ನ ಹೆಬ್ಬೆರಳ ಕೆಳಗಿದೆ ನೋಡು."

ಲಕೋಟೆಯಿಂದ ತೆಗೆದು ನೋಡಿದೆ. ಏಳೇ. ಶಾಟ್ ಹಾಗೇ ಬಿಟ್ಟು, ದನಿ ಮಾತ್ರ ಮತ್ತೆ ರೆಕಾರ್ಡ್ ಮಾಡಿದೆ.